ತಾರಸಿಯ ಕೆಳಗೆ ಮಲಗಿಸಿದ ಮೇಷ್ಟ್ರು

ನಾನು ಓದು ಬಿಟ್ಟದ್ದು ೧೯೮೮ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ. ಬಡತನದಿಂದ ಬಿಟ್ಟೆ ಎಂದು ಇಲ್ಲಿಯವರೆಗೆ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಕೇಳಿದವರು ಅಯ್ಯೋ ಪಾಪ ಅಂದಿದ್ದಾರೆ. ಬಡತನ ಇದ್ದದ್ದು ನಿಜ. ಆದರೆ ಅದು ಏಳನೇ ತರಗತಿಯಲ್ಲೂ ಇತ್ತು, ಆರರಲ್ಲೂ ಇತ್ತು. ನಾನು ಬಿಟ್ಟದ್ದು ಹೆದರಿಕೊಂಡು. ಹೆದರಿಸಿದವರು ನಮ್ಮ ಸಮಾಜ ಪಾಠದ ಮೇಷ್ಟ್ರು. ಅವರು ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ನನ್ನದು ಗಾರೆ ಕೆಲಸ. ಅಪ್ಪನದೂ ಅದೇ ಆಗಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತ ನಾನು ನಿಂತು ಕಟ್ಟಿದ ಮನೆಗಳ ಮುಂದೆ ಹಾದುಹೋಗುವಾಗ ಈಗಲೂ ಬೈಕು ತಾನಾಗಿ ನಿಧಾನವಾಗುತ್ತದೆ. ಕೆಲಸಕ್ಕಾಗಿ ಯಾರ ಮನೆ ಬಾಗಿಲಲ್ಲೂ ನಿಂತವನಲ್ಲ ನಾನು, ಕೆಲಸವೇ ನನ್ನನ್ನು ಹುಡುಕಿಕೊಂಡು ಬಂತು. ಓದಿದ ಇಂಜಿನಿಯರುಗಳು ಮೂಲೆ ಮಟ್ಟ ಸರಿ ಇದೆಯೇ ಎಂದು ನನ್ನ ಕಣ್ಣನ್ನು ಕೇಳಿದ್ದುಂಟು. ಇದನ್ನೆಲ್ಲ ಮೊದಲೇ ಬರೆದುಬಿಡುತ್ತೇನೆ, ಮುಂದೆ ಬರೆಯುವುದರಲ್ಲಿ ಜಂಬ ಪಡುವಂಥದ್ದು ಹೆಚ್ಚಿಲ್ಲ.

ಮೇಷ್ಟ್ರು ಸಣಕಲು ಆಸಾಮಿ. ಬಿಳಿ ಅಂಗಿ, ಸುಣ್ಣ ಬಳಿದಂತಿದ್ದ ಕ್ಯಾನ್ವಾಸ್ ಷೂ, ಕೈಯಲ್ಲಿ ಯಾವಾಗಲೂ ಕೊಡೆ. ಬಿಸಿಲಿರಲಿ ಮೋಡವಿರಲಿ ಕೊಡೆ. ಅವರ ಪಾಠ ನಡೆಯುತ್ತಿದ್ದದ್ದು ಬಾಗಿಲ ಬಳಿ. ಕುರ್ಚಿಯನ್ನು ಹೊಸ್ತಿಲಿಗೆ ಎಳೆದುಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಕೂರುತ್ತಿದ್ದರು. ಹೆಡ್‌ಮಾಸ್ಟರು ರೇಗಿದರೂ ಬದಲಾಗಲಿಲ್ಲ. ಊರ ಟೀ ಅಂಗಡಿಯಲ್ಲಿ ಎಲ್ಲರೂ ಸಜ್ಜೆಯ ಕೆಳಗೆ ನಿಂತು ಕುಡಿದರೆ ಇವರು ಲೋಟ ಹಿಡಿದು ನಡುರಸ್ತೆಗೆ ಬಂದು ಬಿಸಿಲಲ್ಲಿ ಕುಡಿಯುತ್ತಿದ್ದರು. "ಮೇಷ್ಟ್ರ ತಲೆ ಮ್ಯಾಲೆ ಆಕಾಶಾನೇ ಬೀಳುತ್ತೆ ಅಂತ ಹೇಳ್ರೋ ಯಾರಾದ್ರೂ, ಅಲ್ಲೂ ನಿಲ್ಲಾಕಿಲ್ಲ" ಎಂದು ಅಂಗಡಿಯವನು ನಗುತ್ತಿದ್ದ. ತಲೆಯ ಮೇಲೆ ಯಾರೋ ಕಟ್ಟಿದ ಭಾರ ಇರುವುದು ಅವರಿಗೆ ಆಗುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ನಮ್ಮ ತರಗತಿಯಲ್ಲಿ ಹರಿಯುವ ನದಿಯನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಅರ್ಕಾವತಿ ಎಂದರೆ ಮಳೆಗಾಲದಲ್ಲಿ ನಾಲ್ಕು ದಿನ ಕೆಂಪು ನೀರು, ಮಿಕ್ಕ ದಿನ ಮರಳು ಮತ್ತು ಜಾಲಿ. ಅಂಥ ನಮಗೆ ನದಿ ಕಣಿವೆಯ ನಾಗರಿಕತೆಗಳನ್ನು ಕಲಿಸಬೇಕಾಗಿತ್ತು ಅವರು. ಒಂದು ಲೋಟ ನೀರು ತರಿಸಿ, ಬೆರಳು ಅದ್ದಿ, ಕಪ್ಪು ಹಲಗೆಯ ಮೇಲೆ ಒದ್ದೆ ಗೆರೆ ಎಳೆಯುತ್ತಿದ್ದರು. ಇದು ನೈಲ್, ಇದು ಟೈಗ್ರಿಸ್, ಇದು ಯೂಫ್ರೆಟಿಸ್, ಇದು ಸಿಂಧೂ. ಆಮೇಲೆ ಸೀಮೆಸುಣ್ಣದಲ್ಲಿ ಗೆರೆಯ ಪಕ್ಕ ಚುಕ್ಕಿ ಇಟ್ಟು ಊರುಗಳ ಹೆಸರು ಬರೆಯುತ್ತಿದ್ದರು. ಪಾಠ ಮುಗಿಯುವ ಹೊತ್ತಿಗೆ ನದಿಗಳು ಒಣಗಿರುತ್ತಿದ್ದವು. ಹಲಗೆಯ ಮೇಲೆ ಊರುಗಳು ಮಾತ್ರ, ಯಾಕೆ ಅಲ್ಲಿವೆ ಎಂದು ಗೊತ್ತಾಗದ ಹಾಗೆ ಚೆಲ್ಲಾಪಿಲ್ಲಿ. "ನೋಡ್ಕೊಳ್ರೋ" ಅನ್ನುತ್ತಿದ್ದರು. ಅಷ್ಟೇ. 

ಸಿಂಧೂ ಬಯಲಿನವರೆಂದರೆ ಅವರಿಗೆ ಪ್ರಾಣ. "ಅರಮನೆ ಸಿಕ್ಕಿಲ್ಲ, ಚರಂಡಿ ಸಿಕ್ಕಿದೆ. ಅಂಥಾ ಊರು ಕಣ್ರೋ ಅದು" ಅನ್ನುತ್ತಿದ್ದರು. ಒಂದು ದಿನ ನನ್ನ ಕಡೆ ಕೈ ತೋರಿಸಿ, "ನಾಳೆ ನಿಮ್ಮಪ್ಪನ ಕೇಳಿ ಒಂದು ಇಟ್ಟಿಗೆ ತಗೊಂಬಾ" ಎಂದರು. ಮಾರನೇ ದಿನ ಒಯ್ದುಕೊಟ್ಟೆ. ಅದನ್ನು ಗೇಣಿನಲ್ಲಿ ಅಳೆದರು. ಅಲ್ಲಿನ ಇಟ್ಟಿಗೆ ದಪ್ಪದ ಎರಡರಷ್ಟು ಅಗಲ, ನಾಲ್ಕರಷ್ಟು ಉದ್ದ, ಮೈಲಿಗಟ್ಟಲೆ ದೂರದ ಊರುಗಳಲ್ಲೂ ಅದೇ ಲೆಕ್ಕ ಎಂದು ಹೇಳಿ, ನಮ್ಮಪ್ಪನ ಇಟ್ಟಿಗೆಯ ಮೂಲೆಯನ್ನು ಉಗುರಿನಿಂದ ಕೆರೆದರು. ಪುಡಿ ಉದುರಿತು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ದೇವರ ಪಾಠವನ್ನು ದೇವರಿಗಿಂತ ಹೆಚ್ಚು ಹೆದರುವ ಹಾಗೆ ಹೇಳುತ್ತಿದ್ದರು. ಶೆಟ್ಟರ ಅಂಗಡಿಯಿಂದ ತಕ್ಕಡಿ ತರಿಸಿ, ಒಂದು ತಟ್ಟೆಗೆ ಕೋಳಿ ಪುಕ್ಕ ಹಾಕಿದರು. ಈಜಿಪ್ಟಿನವರಲ್ಲಿ ಸತ್ತವನ ಹೃದಯವನ್ನು ಹೀಗೆ ತೂಗುತ್ತಿದ್ದರಂತೆ.

"ಭಾರ ಆದ್ರೆ ಸಾ?" ಎಂದು ಯಾರೋ ಕೇಳಿದರು.

"ಪಕ್ಕದಲ್ಲೇ ಮೊಸಳೆ ಮೂತಿದೊಂದು ಕೂತಿರುತ್ತೆ. ನುಂಗುತ್ತೆ."

"ಆಮೇಲೆ?"

"ಆಮೇಲೆ ಇಲ್ಲ."

ಮುಂದಿನ ಸಾಲಿನವನೊಬ್ಬ ಎದೆ ಮುಟ್ಟಿ ನೋಡಿಕೊಂಡ.

ನನ್ನ ಕಥೆ ಶುರುವಾದದ್ದು ಬ್ಯಾಬಿಲೋನಿನ ಪಾಠದ ದಿನ. ಅಲ್ಲಿಯ ರಾಜನೊಬ್ಬ ಕರಿ ಕಲ್ಲಿನ ಮೇಲೆ ಕಾನೂನು ಕೆತ್ತಿಸಿದ್ದ. ಮೇಷ್ಟ್ರು ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಮುಗಿಸಿ, ಮನೆ ಕಟ್ಟುವವರ ಕಟ್ಟಳೆಗೆ ಬಂದರು. ಒಬ್ಬ ಕಟ್ಟಿದ ಮನೆ ಗಟ್ಟಿಯಿಲ್ಲದೆ ಕುಸಿದು ಮನೆ ಯಜಮಾನ ಸತ್ತರೆ, ಕಟ್ಟಿದವನಿಗೆ ಸಾವು. ಯಜಮಾನನ ಮಗ ಸತ್ತರೆ, ಕಟ್ಟಿದವನ ಮಗನಿಗೆ ಸಾವು.

ಮೂವತ್ತು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ತರಗತಿಯಲ್ಲಿ ಗಾರೆಯವನ ಮಗ ನಾನೊಬ್ಬನೇ. ಮೇಷ್ಟ್ರು ಇನ್ನೇನೋ ಹೇಳಲು ಬಾಯಿ ತೆರೆದಿದ್ದರು, ಗಂಟೆ ಹೊಡೆಯಿತು.

ಹೊರಗೆ ಬರುತ್ತಿದ್ದಂತೆಯೇ ಶುರುವಾಯಿತು. "ಲೇ, ನಿಮ್ಮಪ್ಪ ಕಟ್ಟಿರೋ ಗೋಡೆ ಅಲ್ಲಾಡ್ತಾ ಐತೆ, ಕುತ್ತಿಗೆ ತೊಳ್ಕೊಳ್ಳೋ!" ಎಂದು ಒಬ್ಬ. "ಪಟೇಲರ ಹುಳದ ಮನೆ ನಿಮ್ಮಪ್ಪಂದೇ ಅಲ್ವೇನ್ಲಾ?" ಎಂದು ಇನ್ನೊಬ್ಬ. ಹುಳದ ಮನೆ ಎಂದರೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೊಠಡಿ. ಹಳೇ ಗೋಡೆಗೆ ಸೇರಿಸಿ ಅಪ್ಪ ಆ ಬೇಸಿಗೆಯಲ್ಲಿ ಅದನ್ನು ಕಟ್ಟಿದ್ದರು. ನಾನೂ ನಕ್ಕೆ. ನಗದೆ ಇರಲು ಆಗುತ್ತದೆಯೇ?

ಅದೇ ದಿನ ಮಧ್ಯಾಹ್ನದ ಮೇಲೆ ಜಡಿಮಳೆ ಬಂತು. ಸಂಜೆ ಐದು ಗಂಟೆಗೆ ಹುಳದ ಮನೆಯ ಹೊಸ ಗೋಡೆ ಮಲಗಿಕೊಂಡಿತು. ಸೊಪ್ಪು ಹಾಕುತ್ತಿದ್ದ ಪಟೇಲರ ಮಗ ಅದರ ಕೆಳಗೆ ಸಿಕ್ಕಿಬಿದ್ದ. ಅವನು ನನ್ನದೇ ತರಗತಿಯವನು. ಎತ್ತಿ ಹೊರತೆಗೆದಾಗ ಮಾತಿರಲಿಲ್ಲವಂತೆ. ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಒಯ್ದರು. ಬದುಕಿದ್ದಾನೋ ಇಲ್ಲವೋ ಎನ್ನುವ ಸುದ್ದಿ ಊರಿಗೆ ಬರಲಿಲ್ಲ.

ಆ ಕಾನೂನು ಎಂದೋ ಮಣ್ಣಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿ ಇದೆ, ಮೇಷ್ಟ್ರು ಹೇಳಿದ್ದಾರೆ, ಅಂದ ಮೇಲೆ ಅದು ಸರ್ಕಾರದ್ದೇ ಅಂದುಕೊಂಡೆ. ಬೆಳಿಗ್ಗೆ ಎದ್ದವನೇ ಊರಾಚೆ ಇಟ್ಟಿಗೆ ಗೂಡಿಗೆ ಓಡಿದೆ. ಸುಟ್ಟು ತಣ್ಣಗಾದ ಗೂಡು, ಒಳಗೆ ಒಬ್ಬ ಕೂರುವಷ್ಟು ಪೊಟರೆ. ಎರಡು ಹಗಲು ಅಲ್ಲೇ ಇದ್ದೆ, ಕತ್ತಲಾದರೆ ಕದ್ದು ಮನೆಗೆ ಹೋಗಿ ಮುದ್ದೆ ತಿಂದು ಮೂಲೆ ಸೇರುತ್ತಿದ್ದೆ. ಅಪ್ಪ ನನ್ನನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಗೂಡಿನೊಳಗೆ ಕೂತು ಆ ಪಟೇಲರ ಮಗ ಸಾಯದಿರಲಿ ಎಂದು ಬೇಡುತ್ತಿದ್ದೆ. ಅವನ ಮೇಲಿನ ಪ್ರೀತಿಯಿಂದ ಬೇಡಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು, ಆ ನಾಚಿಕೆ ಬೇರೆ.

ಎರಡನೇ ದಿನ ಗೂಡಿನ ಬಾಯಿಗೆ ಕ್ಯಾನ್ವಾಸ್ ಷೂ ಬಂದು ನಿಂತವು.

"ಈಚೆ ಬಾರೋ."

"ಬರಲ್ಲ ಸಾ."

"ಅವ್ನು ಬದುಕಿದಾನೆ ಕಣೋ. ಕಾಲು ಮುರಿದಿದೆ, ಮಾತು ಬಂದಿದೆ. ಬಾ ಈಚೆ."

"ಕಾಲಿಗೆ ಕಾಲು ಅಂತೀರಾ ಸಾ?"

ಅವರು ಬಗ್ಗಿ, ಕೊಡೆಯ ಹಿಡಿಯನ್ನು ಒಳಗೆ ಚಾಚಿದರು. ಗೂಡಿನ ಕೆಳಗೆ ತಲೆ ಹಾಕಲು ಅವರಿಗೂ ಧೈರ್ಯವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. "ಆ ರಾಜ ಸತ್ತು ಮೂರೂವರೆ ಸಾವಿರ ವರ್ಷದ ಮೇಲಾಯ್ತು. ಅವನ ಪೊಲೀಸರು ಯಾರೂ ಬರಲ್ಲ. ಹಿಡ್ಕೋ ಇದನ್ನ" ಎಂದರು. ಹಿಡಿದುಕೊಂಡೆ, ಎಳೆದುಕೊಂಡರು.

ಮನೆಗೆ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡರೆ, ನೇರ ಬಿದ್ದ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಹಳೇ ಗೋಡೆಯ ಮೂಲೆ ನಯವಾಗಿ ನಿಂತಿತ್ತು. ಹೊಸ ಗೋಡೆಯ ಇಟ್ಟಿಗೆಗಳನ್ನು ಅದರೊಳಕ್ಕೆ ಕಚ್ಚಿಸಿರಲಿಲ್ಲ, ಬರಿದೆ ಒತ್ತಿ ನಿಲ್ಲಿಸಿ ಮೇಲೆ ಗಾರೆ ಬಳಿದಿದ್ದರು. "ಕೈ ಇಟ್ಟು ನೋಡು" ಎಂದರು ಮೇಷ್ಟ್ರು. ಇಟ್ಟೆ. ಅಂಗೈ ಜಾರಿತು. ಹದಿಮೂರು ವರ್ಷಕ್ಕೆ ನನಗೆ ನಮ್ಮಪ್ಪನ ತಪ್ಪು ಅಂಗೈಯಲ್ಲಿ ಗೊತ್ತಾಯಿತು. ಆಮೇಲೆ ಶಾಲೆಗೆ ಹೋಗಲಿಲ್ಲ, ಮೇಷ್ಟ್ರ ಮುಂದೆ, ಆ ಮೂವತ್ತು ತಲೆಗಳ ನಡುವೆ ಮತ್ತೆ ಕೂರಲು ಹೆದರಿಕೆ. ಆ ಗೋಡೆಯನ್ನು ಮತ್ತೆ ಕಟ್ಟಿಕೊಡಬೇಕಿತ್ತು, ಅಪ್ಪನಿಗೆ ಕೈಯಾಳು ಬೇಕಿತ್ತು, ಹೋದೆ. ಮೇಷ್ಟ್ರು ಎರಡು ಸಲ ಮನೆಗೆ ಬಂದು ಕರೆದರು. ಎರಡು ಸಲವೂ ನಾನು ಹಿತ್ತಿಲಿನಿಂದ ಆಚೆ ಹೋದೆ.

ಆಮೇಲಿನ ವರ್ಷಗಳಲ್ಲಿ ನಾನು ಅವರನ್ನು ಬಿಟ್ಟರೂ ಅವರು ನನ್ನನ್ನು ಬಿಡಲಿಲ್ಲ. ಎಲ್ಲಿ ಕೆಲಸ ಹಿಡಿದರೂ ಎಂದೋ ಒಂದು ದಿನ ಕೊಡೆ ಹಾಜರು. ರಸ್ತೆಯಲ್ಲೇ ನಿಂತು ನೋಡುತ್ತಿದ್ದರು. ಕೂಲಿಯವರು, "ಮೇಸ್ತ್ರಿ, ನಿಮ್ಮ ಇನ್‌ಸ್ಪೆಕ್ಟ್ರು ಬಂದ್ರು" ಎಂದು ಹಾಸ್ಯ ಮಾಡುತ್ತಿದ್ದರು. ಚೆನ್ನಾಗಿದೆ ಎಂದು ಒಂದು ಸಲವೂ ಹೇಳಿದವರಲ್ಲ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿ ಕೊಟ್ಟು, "ಹೂಂ" ಅಂದರೆ ನನ್ನ ಪಾಲಿಗೆ ಅದೇ ಸರ್ಟಿಫಿಕೇಟು. ಆ "ಹೂಂ"ಗಾಗಿ ನಾನು ಎಷ್ಟು ಗೋಡೆ ಒಡೆದು ಮತ್ತೆ ಕಟ್ಟಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ.

ನಿವೃತ್ತರಾದ ಮೇಲೆ ದೇವನಹಳ್ಳಿಯ ತಮ್ಮ ಹಂಚಿನ ಮನೆಯ ಪಕ್ಕ ಪುಸ್ತಕ ಇಡಲು ಒಂದು ಕೋಣೆ ಕಟ್ಟಿಸಿದರು. ತಾರಸಿಯ ಕೋಣೆ. ನಾನೇ ಕಟ್ಟಿದೆ. ಅದಕ್ಕೆ ಮುಂಚೆ ಒಂದು ದಿನ ನನ್ನ ಬೈಕಿನ ಹಿಂದೆ ಕೂತು ರಾಜಘಟ್ಟಕ್ಕೆ ಹೋದರು. ಅಲ್ಲಿ ನೆಲ ಅಗೆದಾಗ ಬೌದ್ಧರ ಕಾಲದ ಕಟ್ಟಡ ಸಿಕ್ಕಿತ್ತಲ್ಲ, ಆ ಕಡೆಯ ಹೊಲದ ಬದುವಿನಲ್ಲಿ ಬಿದ್ದಿದ್ದ ಒಂದು ದಪ್ಪ ಇಟ್ಟಿಗೆ ತುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂಲೆಯನ್ನು ಉಗುರಿನಿಂದ ಕೆರೆದರು. ಉದುರಲಿಲ್ಲ. "ಇದನ್ನ ಸುಟ್ಟೋನು ಹೆದರ್ಕೊಂಡು ಸುಟ್ಟಿದಾನೆ" ಎಂದರು. ಮೇಷ್ಟ್ರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕೋಣೆಗೆ ಮೋಲ್ಡ್ ಹಾಕಿ, ಎಂದರೆ ತಾರಸಿಯ ಕಾಂಕ್ರೀಟು ಸುರಿದು, ಇಪ್ಪತ್ತೊಂದು ದಿನ ನೀರು ನಿಲ್ಲಿಸಿ, ಕೆಳಗೆ ಆಸರೆಗೆ ಕೊಟ್ಟಿದ್ದ ಊರುಗೋಲುಗಳನ್ನು ಬಿಚ್ಚಿದ ದಿನ ಅದು. ಮಧ್ಯಾಹ್ನ ಊಟ ಮುಗಿದಿತ್ತು. ಮೇಷ್ಟ್ರು ಒಂದು ಚಾಪೆ ತಂದು ಬಾಗಿಲಲ್ಲಿ ನಿಂತರು.

"ಊಟ ಆಯ್ತೇನಪ್ಪಾ?"

"ಆಯ್ತು ಸಾರ್."

"ಹಂಗಾದ್ರೆ ಮಲಗು."

"ಎಲ್ಲಿ ಸಾರ್?"

"ಒಳಗೆ. ನೀನು ಕಟ್ಟಿದ್ದರ ಕೆಳಗೆ. ಅಂಗಾತ ಮಲಗ್ಬೇಕು, ಕಣ್ಣು ಮುಚ್ಬಾರ್ದು. ಅರ್ಧ ಗಂಟೆ."

ತಮಾಷೆ ಅಂದುಕೊಂಡು ಮಲಗಿದೆ. ಅವರು ಹೊರಗೆ ಬಿಸಿಲಲ್ಲಿ ಕೊಡೆ ಬಿಚ್ಚಿಕೊಂಡು ಕಲ್ಲಿನ ಮೇಲೆ ಕೂತರು. ಅಷ್ಟು ವರ್ಷ ಎಷ್ಟೋ ತಾರಸಿ ಹಾಕಿದ್ದೆ, ಒಂದರ ಕೆಳಗೂ ಮಲಗಿ ನೋಡಿರಲಿಲ್ಲ. ನಿಂತು ನೋಡಿದರೆ ತಾರಸಿ ಬರೀ ಕೆಲಸ. ಮಲಗಿ ನೋಡಿದರೆ ಭಾರ. ಹಲಗೆಯ ಅಚ್ಚು, ಹಲಗೆಯ ಗಂಟು, ಕಾಂಕ್ರೀಟಿನಲ್ಲಿ ಸಿಕ್ಕಿಕೊಂಡ ಒಂದು ಮೊಳೆ, ಎಲ್ಲ ಮುಖಕ್ಕೆ ಹತ್ತಿರ ಬಂದವು. ಕಿಟಕಿ ಕಡೆಯ ಮೂಲೆಯಲ್ಲಿ ಕಂಬಿಗೆ ತಂತಿ ಬಿಗಿದೆನೇ? ಆ ದಿನ ಹುಡುಗರು ಊಟಕ್ಕೆ ಅವಸರ ಮಾಡಿದ್ದರು. ಬಿಗಿದೆ. ಬಿಗಿದೆ ಅಂದುಕೊಂಡೆ. ಬಿಗಿದೆನೇ? ಮರಳಿನ ಒಂದು ಕಾಳು ಎಲ್ಲಿಂದಲೋ ಕೆನ್ನೆಯ ಮೇಲೆ ಬಿತ್ತು. ಎದ್ದು ಓಡಬೇಕು ಅನ್ನಿಸಿತು, ಹೊರಗೆ ಅವರು ಕೂತಿದ್ದಾರೆ, ಓಡುವ ಹಾಗಿಲ್ಲ.

ಅರ್ಧ ಗಂಟೆಯಾದ ಮೇಲೆ ಕರೆದರು. "ಏನು ಕಂಡೆ?"

"ಏನಿಲ್ಲ ಸಾರ್."

"ಬೆನ್ನು ನೋಡ್ಕೋ, ಅಂಗಿ ಹಿಂಡೋ ಹಂಗಿದೆ."

ಆಮೇಲೆ ತಾವು ಒಳಗೆ ಬಂದರು. ಕೋಣೆಯ ನಟ್ಟನಡುವೆ ಚಾಪೆ ಎಳೆದುಕೊಂಡು, ಅಷ್ಟು ದಿನ ಹೊಸ್ತಿಲು ಬಿಡದ ಮನುಷ್ಯ, ಕಾಲು ಚಾಚಿ ಕೂತರು. "ಹೂಂ" ಎಂದರು. 

ಅಂದಿನಿಂದ ಅದು ನನ್ನ ರೂಢಿಯಾಯಿತು. ಊರುಗೋಲು ಬಿಚ್ಚಿದ ದಿನ, ಮನೆಯವರು ಬರುವ ಮುಂಚೆ, ಚಾಪೆ ಹಾಸಿ ಅರ್ಧ ಗಂಟೆ ಮಲಗುವುದು. ನನ್ನ ಕೈಕೆಳಗಿನವರನ್ನೂ ಮಲಗಿಸಿದೆ. ಎರಡು ಕಡೆ ಹಾಗೆ ಮಲಗಿದ್ದರಿಂದಲೇ ತಪ್ಪು ಕಂಡು ಸರಿ ಮಾಡಿದ್ದುಂಟು. ಮಲಗದೆ ಬಿಟ್ಟ ಕಟ್ಟಡ ಒಂದೇ. ಅದು ಬೂದಿಗೆರೆಯದು.

ಅದರ ಯಜಮಾನ ಹೊಸಕೋಟೆ ಕಡೆ ತರಕಾರಿ ಮಂಡಿ ಇಟ್ಟವನು. ಪಾಯ ತೋಡಿದ್ದು ನೆಲ ಮತ್ತು ಅದರ ಮೇಲೊಂದು ಮಹಡಿಗೆ. ಅಷ್ಟು ಮುಗಿದು ಎರಡು ವರ್ಷವಾದ ಮೇಲೆ ಬಂದು, ಮೇಲೆ ಇನ್ನೂ ಎರಡು ಏರಿಸು ಎಂದ.

"ಪಾಯ ತಡೆಯಲ್ಲ ಅಣ್ಣಾ" ಎಂದೆ.

"ಸುತ್ತ ನೋಡು ಗುರು, ಎಲ್ರೂ ಏರಿಸ್ತಾವ್ರೆ. ಏರ್‌ಪೋರ್ಟ್ ಕೆಲಸದೋರಿಗೆ ಮನೆ ಸಿಗ್ತಿಲ್ಲ. ನಿನ್ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡು, ಆಗೋರು ಬೇಕಾದಷ್ಟು ಜನ ಅವ್ರೆ."

ಅವನು ಹೆಚ್ಚು ದುಡ್ಡಿನ ಆಸೆ ತೋರಿಸಿದ್ದರೆ ನಾನು ಎದ್ದುಬರುತ್ತಿದ್ದೆ. ಅವನು ಮುಟ್ಟಿದ್ದು ಬೇರೆ ಕಡೆ. ನನ್ನ ಕೈಯಲ್ಲಿ ಆಗಲ್ಲ ಎಂದು ಯಾರಾದರೂ ಅಂದರೆ ನನಗೆ ಕಣ್ಣು ಕಾಣುವುದಿಲ್ಲ. ಪಾಯ ಕಟ್ಟಿದವನು ನಾನೇ, ಅಂದಾಜಿಗಿಂತ ಒಂದಷ್ಟು ಹೆಚ್ಚೇ ಗಟ್ಟಿ ಹಾಕಿದ್ದೆ, ತಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಏರಿಸಿದೆ. ಒಟ್ಟು ಹತ್ತು ಮನೆ. ಮೇಲಿನ ಎರಡು ಮಹಡಿಯ ಊರುಗೋಲು ಬಿಚ್ಚಿದ ದಿನ ಚಾಪೆ ಬೈಕಿನಲ್ಲೇ ಉಳಿಯಿತು. ಹೊತ್ತಿಲ್ಲ ಅಂದುಕೊಂಡೆ. ಹೊತ್ತು ಇತ್ತು.

ಬಾಡಿಗೆಯವರು ಬಂದು ಸೇರಿದ ಸ್ವಲ್ಪ ದಿನಕ್ಕೆ ಮೇಷ್ಟ್ರು ಬಸ್ಸಿನಲ್ಲಿ ಬಂದಿಳಿದರು. ಅಷ್ಟು ಹೊತ್ತಿಗೆ ಅವರು ತುಂಬ ಇಳಿದುಹೋಗಿದ್ದರು, ಅಂಗಿಯೊಳಗೆ ಯಾರೂ ಇಲ್ಲವೇನೋ ಎಂಬ ಹಾಗೆ. ರಸ್ತೆಯಾಚೆ ನಿಂತು ಕೊಡೆಯ ತುದಿಯಿಂದ ಮಹಡಿಗಳನ್ನು ಎಣಿಸಿದರು. ನಾಲ್ಕು. ಇನ್ನೊಂದು ಸಲ ಎಣಿಸಿದರು.

"ಮೊದ್ಲು ಎರಡೇ ಅಂದಿದ್ದೆ."

"ಏರಿಸಿದ್ವಿ ಸಾರ್."

"ಮಲಗಿದ್ಯೇನಪ್ಪಾ?"

"ಇಷ್ಟು ದೊಡ್ಡದ್ರಲ್ಲಿ ಎಲ್ಲಾ ಕಡೆ ಮಲಗ್ತಾ ಕೂತ್ರೆ ಆಗುತ್ತಾ ಸಾರ್?"

ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು. ಅವರು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಪಾಠ ಶುರು ಮಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಹಾಗೆ ಕೆಮ್ಮಿದರು.

"ಅವತ್ತು ಗಂಟೆ ಹೊಡೀತು ಕಣಪ್ಪಾ. ಪಾಠ ಪೂರ್ತಿ ಆಗ್ಲಿಲ್ಲ. ಮಾರನೇ ದಿನ ಮಿಕ್ಕಿದ್ದನ್ನ ಹೇಳ್ದೆ, ನೀನಿರ್ಲಿಲ್ಲ."

"ಏನು ಸಾರ್ ಮಿಕ್ಕಿದ್ದು?"

"ಆ ಕಲ್ಲಲ್ಲೇ ಕೆಳಗಡೆ ಇನ್ನೊಂದು ಕಟ್ಟಳೆ ಇದೆ. ಮನೆ ಇನ್ನೂ ಬಿದ್ದಿಲ್ಲ, ಗೋಡೆ ವಾಲ್ತಾ ಇದೆ ಅಂತಿಟ್ಕೋ. ಆಗ ಕಟ್ಟಿದೋನು ತನ್ನ ಸ್ವಂತದ್ರಲ್ಲಿ ಅದನ್ನ ಗಟ್ಟಿ ಮಾಡ್ಕೊಡ್ಬೇಕು. ಅಷ್ಟೇ. ಅಲ್ಲಿ ಕುತ್ತಿಗೆ ಮಾತಿಲ್ಲ."

"ಇದನ್ನ ನಂಗ್ಯಾಕೆ ಹೇಳ್ತಿದೀರಿ? ನಂದೇನೂ ವಾಲಿಲ್ಲ."

"ಪಾಠ ಬಾಕಿ ಇತ್ತು. ಹೇಳ್ದೆ" ಎಂದು ಬಸ್ ಸ್ಟಾಪಿನ ಕಡೆ ನಡೆದರು. ಸ್ಟಾಪಿನ ಸೂರಿನ ಕೆಳಗೆ ನಿಲ್ಲದೆ, ಬಿಸಿಲಲ್ಲಿ ನಿಂತು ಬಸ್ಸು ಕಾದರು. ನಾನು ಟೀ ಕುಡೀರಿ ಎಂದೂ ಕರೆಯಲಿಲ್ಲ, ಬೈಕಲ್ಲಿ ಬಿಡುತ್ತೇನೆ ಎಂದೂ ಅನ್ನಲಿಲ್ಲ. ಮೂರು ತಿಂಗಳು ಅವರ ಮನೆಯ ಕಡೆ ಸುಳಿಯಲಿಲ್ಲ. ಮುಂದೆ ಅವರ ಮನೆಗೆ ಹೋದದ್ದು ಹೆಗಲು ಕೊಡುವುದಕ್ಕೆ.

ಅವರ ತಿಥಿ ಮುಗಿದ ವಾರದಲ್ಲಿ ಬೂದಿಗೆರೆಯ ನೆಲಮಹಡಿಯಿಂದ ಫೋನು ಬಂತು. ಅಲ್ಲಿ ನಸೀಮಾ ಎನ್ನುವ ಹೆಣ್ಣುಮಗಳು ಹೊಲಿಗೆ ಹಾಕಿಕೊಂಡು ಗಂಡ, ಅತ್ತೆ, ಎರಡು ಮಕ್ಕಳೊಂದಿಗೆ ಇದ್ದಾಳೆ. "ಮೇಸ್ತ್ರಿ ಭಾಯ್, ಬಾಗ್ಲು ಹಾಕಕ್ಕೆ ಆಗ್ತಿಲ್ಲ, ಚೌಕಟ್ಟು ಹಿಡೀತಿದೆ. ಬಡಗೀನ ಕಳ್ಸಿ" ಎಂದಳು. ಬಾಗಿಲು ಹಿಡಿಯುವುದು ಮಳೆಗಾಲದಲ್ಲಿ. ಅದು ಮಳೆ ಮುಗಿದ ಕಾಲ. ಬಡಗಿಯನ್ನು ಕಳಿಸದೆ ನಾನೇ ಹೋದೆ.

ಮರ ಸರಿಯಿತ್ತು. ಚೌಕಟ್ಟಿನ ಮೇಲೆ, ಪಿಲ್ಲರ್ ಬೀಮಿಗೆ ಸೇರುವ ಕಡೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಉಗುರು ಹೋಗುವಷ್ಟು. ಗಾರೆಯ ಬಿರುಕಿಗೂ ಒಳಗಿನ ಬಿರುಕಿಗೂ ವ್ಯತ್ಯಾಸ ನನಗೆ ಗೊತ್ತು. ಗಾರೆ ಕೆತ್ತಿ ನೋಡಿದೆ, ಒಳಗೂ ಇತ್ತು. ಸಣ್ಣ ಗಾಜಿನ ಪಟ್ಟಿ ತಂದು ಬಿರುಕಿಗೆ ಅಡ್ಡಲಾಗಿ ಸಿಮೆಂಟಿನಲ್ಲಿ ಕೂರಿಸಿದೆ. ಬಿರುಕು ನಿಂತಿದ್ದರೆ ಗಾಜು ಹಾಗೇ ಇರುತ್ತದೆ, ಬೆಳೆಯುತ್ತಿದ್ದರೆ ಒಡೆಯುತ್ತದೆ.

"ಏನು ಭಾಯ್, ಗೋಡೆಗೆ ತಾಯತ ಕಟ್ತಿದೀರಾ?" ಎಂದು ನಸೀಮಾ ನಕ್ಕಳು.

"ಹೂಂ ಕಣಮ್ಮ. ಮಕ್ಕಳು ಮುಟ್ಟದಂಗೆ ನೋಡ್ಕೋ. ಒಡೆದ್ರೆ ತಕ್ಷಣ ಫೋನ್ ಮಾಡು."

ನಾಲ್ಕು ಕಡೆ ಹಾಗೆ ಗಾಜು ಹಾಕಿ ಬಂದೆ. ಫೋನು ಬಡಿದಾಗಲೆಲ್ಲ ನಸೀಮಾಳದೇ ಇರಬೇಕೆಂದು ನೋಡುತ್ತಿದ್ದೆ. ಬೇರೆ ಕೆಲಸದ ಕಡೆ ಗಾರೆ ಮೆತ್ತುವ ಕರಣೆ ಕೆಳಗಿಟ್ಟು, ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡನ್ನು ಮತ್ತೆ ಮತ್ತೆ ಇಳಿಬಿಟ್ಟು ನೋಡುತ್ತಿದ್ದೆ. ಮೇಷ್ಟ್ರು ಇದ್ದಿದ್ದರೆ ಬೈಕು ಹತ್ತಿಸಿಕೊಂಡು ಬಂದು ತೋರಿಸಬಹುದಿತ್ತು. ಹೂಂ ಅನ್ನುತ್ತಿದ್ದರೋ ಇಲ್ಲವೋ, ರಸ್ತೆಯಾಚೆ ಒಬ್ಬರು ನಿಂತು ನೋಡುತ್ತಿರುತ್ತಿದ್ದರು.

ಒಂಬತ್ತನೇ ದಿನ ಮೊದಲ ಗಾಜು ಒಡೆಯಿತು. ನಸೀಮಾ ಫೋನಿನಲ್ಲಿ ನಗಲಿಲ್ಲ. "ಯಾರೂ ಮುಟ್ಟಿಲ್ಲ ಭಾಯ್, ಅಲ್ಲಾನ ಮೇಲೆ ಆಣೆ. ಕೂತ್ಕೊಂಡು ಹೊಲೀತಿದ್ದೆ, ಟಿಕ್ ಅಂತು" ಎಂದಳು.

ಮಂಡಿಗೆ ಹೋಗಿ ಯಜಮಾನನಿಗೆ ಹೇಳಿದೆ. ಅವನು ಟೊಮ್ಯಾಟೊ ಕ್ರೇಟುಗಳ ನಡುವೆ ನಿಂತಿದ್ದ. "ಬಿರುಕು ಇಲ್ದಿರೋ ಬಿಲ್ಡಿಂಗು ಯಾವುದೈತೆ ಹೇಳು ಗುರು? ಪುಟ್ಟಿ ಹೊಡ್ಸಿ ಪೇಂಟ್ ಬಳಿ."

"ಬಳಿದ್ರೆ ಕಾಣಲ್ಲ ಅಷ್ಟೇ. ಮೇಲಿನ ಎರಡು ಮಹಡಿ ಇಳಿಸ್ಬೇಕು. ಮುಂಚೆ ಎಲ್ರೂ ಖಾಲಿ ಮಾಡ್ಬೇಕು."

"ಏನಂದೆ? ನೀನೇ ಏರಿಸ್ದೋನು, ಈಗ ನೀನೇ ಇಳಿಸು ಅಂತೀಯಾ? ನಾಚ್ಕೆ ಆಗಲ್ವಾ?"

"ಆಗುತ್ತೆ" ಎಂದೆ. "ಏರಿಸಿದ್ದು ನನ್ ತಪ್ಪು. ಇಳಿಸೋ ಖರ್ಚು ನಂದು."

ಕ್ರೇಟು ಹೊರುತ್ತಿದ್ದವರೆಲ್ಲ ನಿಂತು ನೋಡಿದರು. ನನ್ನ ತಪ್ಪು ಎಂಬ ಮಾತು ಜನರ ಎದುರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಆಡಿದ ಮೇಲೆ ಹಗುರವಾಗುತ್ತದೆ ಎಂದು ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಅವನು ಬೈದ, ಕೂಗಾಡಿದ, ಕಡೆಗೆ "ಖಾಲಿ ಮಾಡ್ಸೋದಾದ್ರೆ ನೀನೇ ಮಾಡ್ಸು, ನಾನು ಬಾಯಿ ಬಿಡಲ್ಲ" ಎಂದು ಬೆನ್ನು ತಿರುಗಿಸಿದ. ಮಾರನೇ ದಿನ ನಾನು ಒಬ್ಬ ಇಂಜಿನಿಯರನ್ನು ಕರೆತಂದು ತೋರಿಸಿದೆ. ಆತ ಒಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಹೊರಗೆ ಬಂದು, "ಬೀಮಿನ ಕೆಳಗೆ ಇವತ್ತೇ ಜಾಕಿ ಕೊಡಿ" ಎಂದಷ್ಟೇ ಹೇಳಿದ. ನನ್ನ ಮಿಕ್ಸರ್ ಮಿಷಿನ್ನೂ ತಾರಸಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಸಾಮಾನೂ ಮಾರಿ ಭಾರ ಹೊರುವ ಕಬ್ಬಿಣದ ಜಾಕಿಗಳನ್ನು ತಂದು ನಿಲ್ಲಿಸಿದೆ. ಪಂಚಾಯಿತಿಗೂ ಬರೆದುಕೊಟ್ಟಿದ್ದೇನೆ, ನನ್ನ ತಪ್ಪು ಎಂದೇ ಬರೆದಿದ್ದೇನೆ. ನೋಡಲು ಇನ್ನೂ ಯಾರೂ ಬಂದಿಲ್ಲ.

ಮನೆಮನೆಗೂ ಹೋಗಿ ಹೇಳಿದೆ. ಕೆಲವರು ಅಂದೇ ಗಂಟು ಕಟ್ಟಿದರು, ಕೆಲವರು ಬೈದು ಕಟ್ಟಿದರು. ಮೂರನೇ ಮಹಡಿಯಲ್ಲಿ ರಾಯಚೂರು ಕಡೆಯ ಗಂಡಹೆಂಡತಿ ಇದ್ದಾರೆ, ಇಬ್ಬರೂ ಗೋಡೌನಿನಲ್ಲಿ ಪಾಳಿ ಕೆಲಸ. "ಒಂದು ತಿಂಗ್ಳು ತಡೀರಿ ಅಣ್ಣಾ, ಎಲ್ಲೂ ಮನೆ ಸಿಗವಲ್ದು" ಅನ್ನುತ್ತಾರೆ. ನಸೀಮಾಳ ಕೋಣೆ ತುಂಬ ರಂಜಾನಿಗೆ ಹೊಲಿಯಲು ಒಪ್ಪಿಕೊಂಡ ಬಟ್ಟೆ ಇದೆ. ನಮ್ಮ ಮನೆಗೇ ಬಂದಿರಿ ಎಂದು ಕರೆದೆ. "ಜಾಕಿ ಕೊಟ್ಟಿದೀರಲ್ಲ ಭಾಯ್, ನೀವು ಕೊಟ್ಟಿದ್ದು ಗಟ್ಟಿ ಇರುತ್ತೆ" ಎಂದಳು. ನನ್ನ ಕೆಲಸದ ಮೇಲೆ ಯಾರಾದರೂ ಇಟ್ಟ ನಂಬಿಕೆ ನನ್ನನ್ನು ಇಷ್ಟು ಹೆದರಿಸಿದ್ದು ಇದೇ ಮೊದಲು. ದಿನಾ ಬೆಳಿಗ್ಗೆ ಏಳಕ್ಕೆ ಹೋಗಿ ಎರಡು ಬಾಗಿಲಲ್ಲೂ ನಿಂತು ಕೇಳುತ್ತೇನೆ. ಮನೆಯೊಳಗೆ ಜನ ಇರುವಾಗ ಮೇಲೆ ಸುತ್ತಿಗೆ ಹಾಕುವಂತಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ಕರಣೆ ಎರಡು, ತೂಕದ ಗುಂಡು ಒಂದು, ರಸಮಟ್ಟ ಒಂದು, ಬೈಕು ಒಂದು. ಬೂದಿಗೆರೆಯಲ್ಲಿ ಬೀಮಿನ ಕೆಳಗೆ ಕೊಟ್ಟ ಜಾಕಿ ಇಪ್ಪತ್ತೆರಡು. ಒಡೆದ ಗಾಜು ಮೂರು, ಒಡೆಯದ್ದು ಒಂದು. ಖಾಲಿಯಾದ ಮನೆ ಎಂಟು, ಆಗದ ಮನೆ ಎರಡು. ಆ ಎರಡು ಮನೆಗಳಲ್ಲಿ ಏಳು ಜನ.